ಕಪಾಟಿನ ಡಿವಿಡಿ, ತಿಂಗಳ ಒಟಿಟಿ: ಕರಾವಳಿಯ ಮನೆಗೆ ಯಾವುದು ಸರಿ?

"ಹಳೇ ಡಿವಿಡಿ ಪ್ಲೇಯರ್ ಕೆಟ್ಟುಹೋಯಿತು, ಹೊಸದು ತಗೊಳ್ಳಲಾ?" "ದುಬೈಯಿಂದ ಭಾವ ಬ್ಲೂ-ರೇ ಪ್ಲೇಯರ್ ತರುತ್ತೇನೆ ಅಂತಿದ್ದಾರೆ, ಬೇಕಾ?" "ಒಟಿಟಿ ಮೂರು ಉಂಟು, ಡಿಸ್ಕ್ ಎಲ್ಲ ಗುಜರಿಗೆ ಹಾಕಬಹುದಾ?" ಮಂಗಳೂರು, ಉಡುಪಿ ಕಡೆಯ ಓದುಗರ ಪ್ರಶ್ನೆಗಳು ಸುತ್ತಿ ಸುತ್ತಿ ಇಲ್ಲಿಗೇ ಬರುತ್ತವೆ. (ಬ್ಲೂ-ರೇ ಅಂದರೆ ಡಿವಿಡಿಗಿಂತ ಸ್ಪಷ್ಟ ಚಿತ್ರ ಕೊಡುವ ಡಿಸ್ಕ್.)

ಒಂದು ಸಾಲಿನಲ್ಲಿ ಉತ್ತರ ಹೇಳುವುದು ಕಷ್ಟ. ಯಾಕೆಂದರೆ ಇಲ್ಲಿ ಎರಡು ಪ್ರಶ್ನೆ ಸೇರಿಕೊಂಡಿವೆ. ನೋಡಲು ಯಾವುದು ಒಳ್ಳೆಯದು ಎಂಬುದು ಒಂದು. ಇಟ್ಟುಕೊಳ್ಳಲು ಯಾವುದು ಒಳ್ಳೆಯದು ಎಂಬುದು ಇನ್ನೊಂದು. ಶನಿವಾರ ರಾತ್ರಿ ಒಂದು ಸಿನಿಮಾ ನೋಡಿ ಮರೆತುಬಿಡುವವರು ಇದ್ದಾರೆ. ಅಜ್ಜ ವೇಷ ಮಾಡಿದ ಯಕ್ಷಗಾನದ ಆಟದ ವಿಸಿಡಿಯನ್ನು ಜೋಪಾನ ಮಾಡಿದವರೂ ಇದ್ದಾರೆ. ಇಬ್ಬರಿಗೂ ಒಂದೇ ಸಲಹೆ ಕೊಟ್ಟರೆ ಒಬ್ಬರಿಗಂತೂ ನಷ್ಟ.

ಡಿಸ್ಕಿನ ಕಾಲ ಮುಗಿಯಿತಾ?

ನಮ್ಮ ಪೇಟೆಗಳ ಮಟ್ಟಿಗೆ ಹೆಚ್ಚುಕಡಿಮೆ ಮುಗಿದಿದೆ. 2006-07ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಹೊರಟಿತ್ತು. ಅದೇ ಕಂಪನಿ ಸಾಲದಲ್ಲಿ ಮುಳುಗಿ, 2018ರಲ್ಲಿ ಅದರ ಆಸ್ತಿ ಮಾರಿ ಮುಚ್ಚಲು ಆದೇಶವಾಯಿತು. ಮಂಗಳೂರಿನ ಹಂಪನಕಟ್ಟೆಯ ಸುತ್ತಮುತ್ತ ಸಿನಿಮಾ ಡಿಸ್ಕ್ ಹುಡುಕಿಕೊಂಡು ಹೋದರೆ ಈಗ ಕೈಗೆ ಸಿಗುವುದು ಮೊಬೈಲ್ ಕವರ್ ಮಾತ್ರ.

ಹೊರದೇಶದಲ್ಲೂ ಗಾಳಿ ಅದೇ ಕಡೆ ಬೀಸುತ್ತಿದೆ. ಅಂಚೆಯಲ್ಲಿ ಡಿವಿಡಿ ಕಳಿಸುತ್ತಲೇ 1998ರಲ್ಲಿ ಶುರುವಾದ ನೆಟ್‌ಫ್ಲಿಕ್ಸ್, ತನ್ನ ಕೊನೆಯ ಡಿಸ್ಕನ್ನು 2023ರ ಸೆಪ್ಟೆಂಬರ್ 29ರಂದು ಕಳಿಸಿ ಆ ಕೆಲಸ ನಿಲ್ಲಿಸಿತು. ಅಮೆರಿಕದ ದೊಡ್ಡ ಅಂಗಡಿ ಸರಣಿ ಬೆಸ್ಟ್ ಬೈ 2024ರಲ್ಲಿ ಸಿನಿಮಾ ಡಿಸ್ಕ್ ಮಾರಾಟ ಬಿಟ್ಟಿತು. 2025ರ ಫೆಬ್ರವರಿಯಲ್ಲಿ ಸೋನಿ ಬ್ಲೂ-ರೇ ತಯಾರಿಕೆ ನಿಲ್ಲಿಸಿತು ಅಂತ ವಾಟ್ಸಾಪ್‌ನಲ್ಲಿ ಓಡಾಡಿದ ಸುದ್ದಿ ಮಾತ್ರ ಅರ್ಧ ನಿಜ. ನಿಂತದ್ದು ನಾವೇ ಬರೆದುಕೊಳ್ಳುವ ಖಾಲಿ ಬ್ಲೂ-ರೇ. ಸಿನಿಮಾ ಅಚ್ಚಾಗಿ ಬರುವ ಬ್ಲೂ-ರೇ ಈಗಲೂ ಬರುತ್ತಿದೆ. ಕ್ರೈಟೀರಿಯನ್, ಆ್ಯರೋ ತರಹದ ಸಂಸ್ಥೆಗಳು ಹಳೆಯ ಚಿತ್ರಗಳನ್ನು ಶುಚಿಮಾಡಿ ಡಿಸ್ಕಿನಲ್ಲಿ ತರುತ್ತಲೇ ಇವೆ. ಹಾಗಾಗಿ ಡಿಸ್ಕ್ ಇನ್ನು ಮುಂದೆ ಎಲ್ಲರ ವಸ್ತುವಲ್ಲ, ಹುಚ್ಚು ಹಿಡಿದವರ ವಸ್ತು. ಬೆಲೆಯೂ ಹಾಗೆಯೇ.

ಮೊದಲು ಅಳತೆಗೋಲು

ನಾನು ಐದು ವಿಷಯ ನೋಡುತ್ತೇನೆ. ನಿಮಗೆ ಬೇಕಾದದ್ದು ಅಲ್ಲಿ ಸಿಗುತ್ತದಾ? ನಿಮ್ಮ ಟಿವಿ, ಸ್ಪೀಕರ್ ಎಷ್ಟು ದೊಡ್ಡವು? ಐದು ವರ್ಷಕ್ಕೆ ಒಟ್ಟು ಎಷ್ಟು ಖರ್ಚು? ನಮ್ಮ ಮಳೆಗಾಲವನ್ನು ಅದು ತಡೆದುಕೊಳ್ಳುತ್ತದಾ? ಕೊನೆಯದು, ಮನೆಯಲ್ಲಿ ರಿಮೋಟ್ ಹಿಡಿಯುವವರು ಯಾರು? ಮಗ ಬೆಂಗಳೂರಿನಲ್ಲಿ, ಮನೆಯಲ್ಲಿ ಅಪ್ಪ ಅಮ್ಮ ಇಬ್ಬರೇ ಅಂತಾದರೆ ಈ ಐದನೆಯದೇ ಮೊದಲನೆಯದಾಗುತ್ತದೆ. ಒಟಿಪಿ ಕೇಳುವ ಟಿವಿಗಿಂತ ಡಿಸ್ಕ್ ಹಾಕಿದ ಕೂಡಲೇ ಓಡುವ ಪೆಟ್ಟಿಗೆ ಅವರಿಗೆ ಎಷ್ಟೋ ಸುಲಭ.

ಒಟಿಟಿ: ನೋಡಲು ಸುಖ, ನಂಬಲು ಕಷ್ಟ

ಹೊಸ ಸಿನಿಮಾ ನೋಡಲು ಇದಕ್ಕಿಂತ ಸುಲಭದ ದಾರಿ ಇಲ್ಲ. ಅದರಲ್ಲಿ ವಾದವೇ ಇಲ್ಲ. ಆದರೆ ಲೆಕ್ಕ ಹಾಕಿ ನೋಡಿ. ನೆಟ್‌ಫ್ಲಿಕ್ಸ್‌ನಲ್ಲಿ 4ಕೆ, ಅಂದರೆ ಅತಿ ಸ್ಪಷ್ಟ ಚಿತ್ರ ಬೇಕಾದರೆ ತಿಂಗಳಿಗೆ 649 ರೂಪಾಯಿಯ ಪ್ಲಾನೇ ಆಗಬೇಕು. ವರ್ಷಕ್ಕೆ 7,788. ಐದು ವರ್ಷಕ್ಕೆ 39 ಸಾವಿರದ ಹತ್ತಿರ. ಪ್ರೈಮ್ ವರ್ಷಕ್ಕೆ 1,499 ರೂಪಾಯಿ. ಅದರಲ್ಲೂ 2025ರ ಜೂನ್‌ನಿಂದ ಜಾಹೀರಾತು ಬರುತ್ತಿದೆ, ಅದು ಬೇಡ ಅಂದರೆ ವರ್ಷಕ್ಕೆ ಇನ್ನೂ 699. ದುಡ್ಡು ಕೊಟ್ಟು ಜಾಹೀರಾತು ನೋಡುವ ಭಾಗ್ಯ! ಮೂರ್ನಾಲ್ಕನ್ನು ಒಟ್ಟಿಗೆ ಇಟ್ಟುಕೊಳ್ಳುವವರಿಗೆ ನನ್ನ ಸಲಹೆ: ಒಂದು ತಿಂಗಳು ಒಂದು, ಮುಂದಿನ ತಿಂಗಳು ಇನ್ನೊಂದು. ಎಲ್ಲವನ್ನೂ ಒಟ್ಟಿಗೆ ನೋಡಿ ಮುಗಿಸುವಷ್ಟು ಪುರುಸೊತ್ತು ಯಾರಿಗಿದೆ?

ಮಳೆಗಾಲದ ಕಥೆ ನಿಮಗೆ ಗೊತ್ತೇ ಇದೆ. ಜೂನ್‌ನಲ್ಲಿ ಒಂದು ತೆಂಗಿನ ಗರಿ ತಂತಿ ಮೇಲೆ ಬಿದ್ದರೆ ಕರೆಂಟೂ ಹೋಯಿತು, ಇಂಟರ್ನೆಟ್ಟೂ ಹೋಯಿತು. ಇನ್ವರ್ಟರ್ ಇದ್ದರೆ ಟಿವಿ ಓಡುತ್ತದೆ, ಆದರೆ ಬೀದಿಯ ಕೇಬಲ್ ತುಂಡಾದದ್ದಕ್ಕೆ ನಿಮ್ಮ ಇನ್ವರ್ಟರ್ ಏನು ಮಾಡೀತು? ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ 4ಕೆ ಚಿತ್ರ ಗಂಟೆಗೆ 7 ಜಿಬಿವರೆಗೆ ತಿನ್ನುತ್ತದೆ. ಎಚ್‌ಡಿಯಾದರೆ 3 ಜಿಬಿವರೆಗೆ. ಗಾಳಿಮಳೆ ಜೋರಾಗುವ ಮುಂಚೆ ಮೊಬೈಲಿಗೋ ಟ್ಯಾಬಿಗೋ ಡೌನ್‌ಲೋಡ್ ಮಾಡಿ ಇಟ್ಟುಕೊಳ್ಳುವುದು ಜಾಣತನ.

ಇದಕ್ಕಿಂತ ದೊಡ್ಡ ತೊಂದರೆ ಬೇರೆ. ಒಟಿಟಿಯಲ್ಲಿರುವುದು ನಿಮ್ಮದಲ್ಲ. ಅದು ಇವತ್ತು ಇರುತ್ತದೆ, ನಾಳೆ ಒಪ್ಪಂದ ಮುಗಿದರೆ ಇಲ್ಲ. ಇದ್ದರೂ ಇದ್ದ ಹಾಗೇ ಇರುತ್ತದೆ ಎಂಬ ಖಾತರಿ ಇಲ್ಲ. ಕಾಂತಾರ ನೆನಪಿದೆಯಲ್ಲ? ನಮ್ಮ ಕಡೆಯ ಚಿತ್ರ, ಥಿಯೇಟರಿನಲ್ಲಿ ಕ್ಲೈಮ್ಯಾಕ್ಸ್ ನೋಡಿ ಜನ ರೋಮಾಂಚನಗೊಂಡಿದ್ದರು. 2022ರ ನವೆಂಬರ್‌ನಲ್ಲಿ ಪ್ರೈಮ್‌ಗೆ ಬಂದಾಗ ವರಾಹ ರೂಪಂ ಹಾಡಿನ ರಾಗವೇ ಬೇರೆ ಇತ್ತು. ಹಾಡಿನ ಹಕ್ಕಿನ ಬಗ್ಗೆ ಕೇರಳದ ಕೋರ್ಟಿನಲ್ಲಿ ವ್ಯಾಜ್ಯ ನಡೆದು, ತಡೆ ಬಂದಿತ್ತು. ಆಮೇಲೆ ಮೊದಲಿನ ಹಾಡು ವಾಪಸ್ ಬಂತು, ಸರಿ. ಸರಿ ತಪ್ಪು ಯಾರದು ಎಂಬುದು ಇಲ್ಲಿ ಮುಖ್ಯವಲ್ಲ. ಮನೆಯಲ್ಲಿ ಕೂತು ನೋಡುತ್ತಿದ್ದವರಿಗೆ ಯಾವ ಹಾಡು ಕೇಳಬೇಕು ಎಂಬುದು ಅವರ ಕೈಯಲ್ಲಿ ಇರಲಿಲ್ಲ. ಡಿಸ್ಕಿನಲ್ಲಿ ಒಮ್ಮೆ ಅಚ್ಚಾದದ್ದನ್ನು ಯಾರೂ ದೂರದಿಂದ ಬದಲಿಸಲು ಆಗುವುದಿಲ್ಲ.

ಇನ್ನು ತುಳು. ಮೊದಲ ತುಳು ಚಿತ್ರ ಬಂದದ್ದು 1971ರಲ್ಲಿ. ಅಲ್ಲಿಂದ ಇಲ್ಲಿವರೆಗಿನ ಚಿತ್ರಗಳನ್ನು ದೊಡ್ಡ ಒಟಿಟಿಗಳಲ್ಲಿ ಹುಡುಕಿ ನೋಡಿ, ಬೆರಳೆಣಿಕೆಯಷ್ಟು ಸಿಕ್ಕರೆ ಹೆಚ್ಚು. ತುಳು ನಾಟಕ, ಯಕ್ಷಗಾನ ಅಂದರೆ ಯೂಟ್ಯೂಬೇ ಗತಿ. ಅಲ್ಲಿ ಏನೋ ರಾಶಿ ಉಂಟು, ಆದರೆ ಚಾನೆಲ್ ನಡೆಸುವವರು ಅಳಿಸಿದರೆ ಅದೂ ಹೋಯಿತು.

ಆನ್‌ಲೈನ್ ಖರೀದಿ

ಇದನ್ನು ಬೇಗ ಮುಗಿಸುತ್ತೇನೆ. ಬಾಡಿಗೆಗೆ ತಗೊಂಡು ಎರಡು ದಿನದೊಳಗೆ ನೋಡುವುದಾದರೆ ಒಳ್ಳೆಯದೇ. "ಖರೀದಿ" ಎಂಬ ಬಟನ್ ಒತ್ತುವುದನ್ನು ಮಾತ್ರ ನಾನು ಯಾರಿಗೂ ಹೇಳುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಸೋನಿ ಪ್ಲೇಸ್ಟೇಷನ್‌ನಲ್ಲಿ ದುಡ್ಡು ಕೊಟ್ಟು ಕೊಂಡವರಿಗೇ, ಡಿಸ್ಕವರಿಯ ಕಾರ್ಯಕ್ರಮಗಳನ್ನು ತೆಗೆದುಹಾಕುತ್ತೇವೆ ಎಂಬ ಸೂಚನೆ ಹೋಗಿತ್ತು. ಗಲಾಟೆಯಾದ ಮೇಲೆ ಹೊಸ ಒಪ್ಪಂದವಾಗಿ ಉಳಿಯಿತು. ಕ್ಯಾಲಿಫೋರ್ನಿಯಾದಲ್ಲಂತೂ 2025ರಿಂದ ಕಾನೂನೇ ಬಂದಿದೆ: ಕೊಡುತ್ತಿರುವುದು ಬರೀ ನೋಡುವ ಅನುಮತಿಯಾದರೆ, ಅದನ್ನು ಗಿರಾಕಿಗೆ ಸ್ಪಷ್ಟವಾಗಿ ಹೇಳಬೇಕು.

ಹಳೇ ಡಿವಿಡಿ, ವಿಸಿಡಿ: ಟಿವಿ ದೊಡ್ಡದಾದಷ್ಟು ಕಷ್ಟ

ಒಂದು ಡಿವಿಡಿ ಚಿತ್ರದಲ್ಲಿರುವ ಚುಕ್ಕಿಗಳು 720 ಅಡ್ಡ, 576 ಉದ್ದ. 4ಕೆ ಟಿವಿಯಲ್ಲಿರುವ ಚುಕ್ಕಿಗಳ ಇಪ್ಪತ್ತರಲ್ಲಿ ಒಂದು ಪಾಲು. ವಿಸಿಡಿಯಾದರೆ ಎಂಬತ್ತರಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನೆಲ್ಲ ಟಿವಿ ಊಹಿಸಿ ತುಂಬಬೇಕು. ಹಾಗಾಗಿ 32 ಇಂಚಿನ ಟಿವಿಯಲ್ಲಿ ಚೆಂದ ಕಂಡ ಡಿವಿಡಿ, 55 ಇಂಚಿನಲ್ಲಿ ಮಂಜು ಮಂಜು. ವಿಸಿಡಿಯನ್ನು ಅಷ್ಟು ದೊಡ್ಡ ಟಿವಿಯಲ್ಲಿ ನೋಡಬೇಕಾದರೆ ಚಾವಡಿಯ ಆಚೆ ತುದಿಗೆ ಕೂರಬೇಕು.

ಆದರೂ ಇವುಗಳನ್ನು ಎಸೆಯಬೇಡಿ ಅನ್ನಲು ಒಂದೇ ಕಾರಣ ಸಾಕು: ಬೇರೆಲ್ಲೂ ಸಿಗದ್ದು ಇದರಲ್ಲಿ ಉಂಟು. ವಿಸಿಡಿಯಲ್ಲಿ ಹಿಡಿಯುವುದು ಒಂದೂಕಾಲು ಗಂಟೆಯಷ್ಟೇ. ಹಾಗಾಗಿ ಯಕ್ಷಗಾನದ ಒಂದು ಪ್ರಸಂಗ ಎರಡು ಮೂರು ಡಿಸ್ಕಿಗೆ ಹಂಚಿ ಬರುತ್ತಿತ್ತು. ಈಗ ಇಲ್ಲದ ಎಷ್ಟೋ ಭಾಗವತರು, ವೇಷಧಾರಿಗಳು ಅವುಗಳಲ್ಲಿದ್ದಾರೆ. ಚಿತ್ರ ಮಂಜಾದರೇನು, ಭಾಗವತರ ಹಾಡು ಕೇಳಿದರೆ ಸಾಕು ಅನ್ನುವವರಿಗೆ ಚುಕ್ಕಿ ಲೆಕ್ಕ ಯಾಕೆ? ಉಡುಪಿಯ ಎಂ.ಜಿ.ಎಂ. ಕಾಲೇಜಿನಲ್ಲಿ ಜನಪದ ರಂಗಕಲೆಗಳ ಪ್ರಾದೇಶಿಕ ಕೇಂದ್ರವೊಂದಿದೆ. ಇಂಥ ಕಲೆಗಳನ್ನು ದಾಖಲಿಸುವುದೇ ಅದರ ಕೆಲಸ. ಅಪರೂಪದ ಖಾಸಗಿ ರೆಕಾರ್ಡಿಂಗ್ ನಿಮ್ಮಲ್ಲಿದ್ದರೆ, ಗುಜರಿಗೆ ಹಾಕುವ ಮುಂಚೆ ಅಲ್ಲಿ ಒಂದು ಮಾತು ಕೇಳಿ.

ಪ್ಲೇಯರಿನ ಬಗ್ಗೆ ಗಲ್ಫ್‌ನವರು ಗಮನಿಸಬೇಕಾದ ವಿಷಯವಿದೆ. ಡಿವಿಡಿಗೆ ಪ್ರದೇಶದ ಲಾಕ್ ಇರುತ್ತದೆ, ಒಂದು ಪ್ರದೇಶದ ಡಿಸ್ಕ್ ಇನ್ನೊಂದರ ಪ್ಲೇಯರಿನಲ್ಲಿ ಓಡುವುದಿಲ್ಲ. ಪ್ರದೇಶದ ಸಂಖ್ಯೆ ಭಾರತಕ್ಕೆ 5, ಗಲ್ಫ್ ದೇಶಗಳಿಗೆ 2, ಅಮೆರಿಕಕ್ಕೆ 1. ಅಬುಧಾಬಿಯಲ್ಲಿ ಕೊಂಡ ಪ್ಲೇಯರ್ ಇಲ್ಲಿನ ಕೆಲವು ಡಿಸ್ಕನ್ನು ಬೇಡ ಅನ್ನುವುದು ಇದಕ್ಕೇ. ಮಾಮೂಲಿ ಯಕ್ಷಗಾನದ ಡಿಸ್ಕಿಗೆ, ಮದುವೆ ಡಿಸ್ಕಿಗೆ ಈ ಲಾಕ್ ಇರುವುದಿಲ್ಲ.

ಬ್ಲೂ-ರೇ, 4ಕೆ ಡಿಸ್ಕ್: ಯಾರಿಗೆ ಬೇಕು?

ಗುಣಮಟ್ಟದಲ್ಲಿ ಇದಕ್ಕೆ ಎದುರಿಲ್ಲ. ನೆಟ್‌ಫ್ಲಿಕ್ಸ್ 4ಕೆಗೆ ಕೇಳುವುದು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಇಂಟರ್ನೆಟ್. ಮಾಮೂಲಿ ಬ್ಲೂ-ರೇ ಚಿತ್ರಕ್ಕೇ 40 ಮೆಗಾಬಿಟ್‌ವರೆಗೆ ಜಾಗ ಕೊಡುತ್ತದೆ. 4ಕೆ ಡಿಸ್ಕಿನಲ್ಲಿ ಚಿತ್ರ, ಶಬ್ದ ಎಲ್ಲ ಸೇರಿ 128ರವರೆಗೆ ಹೋಗಬಹುದು. ವ್ಯತ್ಯಾಸ ಕಾಣುವುದು ಹಗಲಿನ ದೃಶ್ಯದಲ್ಲಲ್ಲ. ಕತ್ತಲೆಯಲ್ಲಿ ದೊಂದಿ ಉರಿಯುತ್ತಿರುತ್ತದೆ, ಹಿಂದೆ ಹೊಗೆ, ಮಳೆ ಹನಿ. ಅಂಥಲ್ಲಿ ಒಟಿಟಿಯ ಕಪ್ಪು ಪಟ್ಟೆ ಪಟ್ಟೆಯಾಗಿ ಒಡೆಯುತ್ತದೆ, ಡಿಸ್ಕಿನ ಕಪ್ಪು ಕಪ್ಪಾಗಿಯೇ ಇರುತ್ತದೆ. ಶಬ್ದವೂ ಡಿಸ್ಕಿನಲ್ಲಿ ಏನೂ ಕಳೆದುಕೊಳ್ಳದೆ ಬರುತ್ತದೆ, ಒಟಿಟಿಯಲ್ಲಿ ಹಿಂಡಿ ಚಿಕ್ಕದು ಮಾಡಿ ಕಳಿಸುತ್ತಾರೆ. ಆದರೆ ಟಿವಿಯ ಒಳಗಿನ ಸ್ಪೀಕರಿನಲ್ಲೇ ಕೇಳುವವರಿಗೆ ಇದರಿಂದ ಏನೂ ಆಗಬೇಕಾದ್ದಿಲ್ಲ. ಜುಲೈಯಲ್ಲಿ ತಗಡಿನ ಮಾಡಿನ ಮೇಲೆ ಮಳೆ ಬಡಿಯುವಾಗಲಂತೂ ಸುತ್ತಲಿಂದ ಶಬ್ದ ಬರುವ ಎಂಥ ಅಟ್ಮಾಸ್ ಇದ್ದರೂ ಒಂದೇ, ಮಾರಾಯ್ರೆ.

ಇಲ್ಲಿ ತೊಡಕು ಡಿಸ್ಕ್ ಸಿಗುವುದರಲ್ಲಿ. ಕನ್ನಡ ಚಿತ್ರಗಳು ಬ್ಲೂ-ರೇಯಲ್ಲಿ ತೀರಾ ಕಮ್ಮಿ. ಇಂಗ್ಲಿಷ್, ಜಪಾನಿ, ಯುರೋಪಿನ ಚಿತ್ರ ಬೇಕಾದರೆ ಹೊರಗಿಂದ ತರಿಸಬೇಕು. ಡಿಸ್ಕಿನ ಬೆಲೆ, ಸಾಗಣೆ, ಕಸ್ಟಮ್ಸ್ ಸುಂಕ ಸೇರಿ ಒಂದು ಚಿತ್ರಕ್ಕೇ ಕೆಲವು ಸಾವಿರ ಆದರೂ ಆಶ್ಚರ್ಯವಿಲ್ಲ. ಬ್ಲೂ-ರೇಗೂ ಲಾಕ್ ಉಂಟು: ಅಮೆರಿಕ ಎ, ಗಲ್ಫ್ ಮತ್ತು ಯುರೋಪ್ ಬಿ, ಭಾರತ ಸಿ. 4ಕೆ ಡಿಸ್ಕಿಗೆ ಮಾತ್ರ ಈ ಲಾಕ್ ಇಲ್ಲ. ಹಾಗಾಗಿ ಭಾವ ದುಬೈಯಿಂದ ಪ್ಲೇಯರ್ ತರುವುದಾದರೆ 4ಕೆಯದ್ದೇ ತರಲಿ. ಬರೀ ಬ್ಲೂ-ರೇ ಪ್ಲೇಯರಾದರೆ ಬೇಡ ಅನ್ನಿ.

ಪ್ಲೇಯರ್ ತಯಾರಿಸುವವರೂ ಕಡಿಮೆಯಾಗುತ್ತಿದ್ದಾರೆ. ಸ್ಯಾಮ್‌ಸಂಗ್ 2019ರಲ್ಲೇ ಕೈಬಿಟ್ಟಿತು. ಮನೆಯಲ್ಲಿ ಡಿಸ್ಕ್ ಡ್ರೈವ್ ಇರುವ ಪಿಎಸ್5 (ಪ್ಲೇಸ್ಟೇಷನ್ 5 ಗೇಮ್ ಪೆಟ್ಟಿಗೆ) ಇದ್ದರೆ ಬೇರೆ ಪ್ಲೇಯರೇ ಬೇಡ, ಅದರಲ್ಲಿ 4ಕೆ ಡಿಸ್ಕ್ ಓಡುತ್ತದೆ. ಪಿಎಸ್4ನಲ್ಲಿ ಮಾಮೂಲಿ ಬ್ಲೂ-ರೇ ಮಾತ್ರ. ಗಿರೀಶ್ ಕಾಸರವಳ್ಳಿಯವರ ಘಟಶ್ರಾದ್ಧ ಹೊಸದಾಗಿ ಶುಚಿಯಾಗಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೆರೆಕಂಡಿತು. ಅಂಥದ್ದು ಒಳ್ಳೆಯ ಡಿಸ್ಕಿನಲ್ಲಿ ಬಂದರೆ ನಾನು ಬೆಲೆ ನೋಡದೆ ಕೊಳ್ಳುತ್ತೇನೆ. ಒಂದು ಸಲ ನೋಡಿ ಮರೆಯುವ ಆ್ಯಕ್ಷನ್ ಚಿತ್ರಕ್ಕೆ ಖಂಡಿತ ಇಲ್ಲ.

ಮನೆಯ ಡಿಸ್ಕ್: ತಡಮಾಡಬಾರದ್ದು ಇದೊಂದೇ

ಈಗ ಮುಖ್ಯ ಮಾತಿಗೆ ಬರೋಣ. ಮದುವೆ, ಉಪನಯನ, ಗೃಹಪ್ರವೇಶ, ಮನೆತನದ ನೇಮ (ದೈವದ ಕೋಲ), ಶಾಲಾ ವಾರ್ಷಿಕೋತ್ಸವ. 2000ರಿಂದ 2015ರವರೆಗಿನ ಇಂಥ ಹೆಚ್ಚಿನವು ಸ್ಟುಡಿಯೋದವರು ಕೊಟ್ಟ ವಿಸಿಡಿ, ಡಿವಿಡಿಯಲ್ಲೇ ಇರುವುದು. ಸಿನಿಮಾ ಡಿಸ್ಕ್ ಕಾರ್ಖಾನೆಯಲ್ಲಿ ಅಚ್ಚು ಒತ್ತಿ ಮಾಡಿದ್ದು. ಅದರ ಹಿಂಭಾಗ ಬೆಳ್ಳಿ ಬಣ್ಣ. ಸ್ಟುಡಿಯೋದ ಡಿಸ್ಕ್ ಕಂಪ್ಯೂಟರಿನಲ್ಲಿ ಬರೆದದ್ದು. ಅದರ ಹಿಂಭಾಗ ನೇರಳೆ ಅಥವಾ ನಸು ನೀಲಿ. ಆ ಬಣ್ಣವೇ ಮಾಹಿತಿ ಹಿಡಿದಿಡುವ ಪದರ. ಬಿಸಿಲು, ಸೆಕೆ, ತೇವ ಮೂರೂ ಅದಕ್ಕೆ ಶತ್ರು. ನಮ್ಮಲ್ಲಿ ಮೂರೂ ಧಾರಾಳ. ಹಿಂದೆ ಬಸ್‌ಸ್ಟ್ಯಾಂಡ್ ಪಕ್ಕದಲ್ಲಿ ಸಿಗುತ್ತಿದ್ದ ಕಳ್ಳ ಡಿಸ್ಕ್‌ಗಳೂ ಹೆಚ್ಚಾಗಿ ಇದೇ ಜಾತಿ. ಅವು ಹೋದರೆ ಹೋಗಲಿ. ಮದುವೆಯದ್ದು ಹೋದರೆ ಎಲ್ಲಿಂದ ತರುತ್ತೀರಿ?

ಆದ್ದರಿಂದ ಇವನ್ನು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿ. ಹೊಸ ಲ್ಯಾಪ್‌ಟಾಪಿನಲ್ಲಿ ಹೆಚ್ಚಾಗಿ ಡಿಸ್ಕ್ ಡ್ರೈವ್ ಇರುವುದಿಲ್ಲ. ಯುಎಸ್‌ಬಿಗೆ ಸಿಕ್ಕಿಸುವ ಡಿವಿಡಿ ಡ್ರೈವ್ ಒಂದೆರಡು ಸಾವಿರಕ್ಕೆ ಸಿಗುತ್ತದೆ. ವಿಸಿಡಿಯಾದರೆ ಎಂಪೆಗ್‌ಎವಿ (MPEGAV) ಹೆಸರಿನ ಫೋಲ್ಡರಿನಲ್ಲಿ ಡ್ಯಾಟ್ (.DAT) ಫೈಲ್ ಇರುತ್ತದೆ. ಅದನ್ನು ಹಾಗೇ ಎಳೆದು ಹಾಕಿ, ವಿಎಲ್‌ಸಿ ಎಂಬ ವಿಡಿಯೋ ತಂತ್ರಾಂಶದಲ್ಲಿ ಓಡುತ್ತದೆ. ಡಿವಿಡಿಯಾದರೆ ವಿಡಿಯೋ ಟಿಎಸ್ (VIDEO_TS) ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಚಿಕ್ಕದು ಮಾಡುವ ಗೊಡವೆ ಬೇಡ. ಒಂದು ಪದರದ ಡಿವಿಡಿ ಎಂದರೆ 4.7 ಜಿಬಿ, ನೂರು ಡಿಸ್ಕಾದರೂ ಅರ್ಧ ಟಿಬಿ ದಾಟುವುದಿಲ್ಲ.

ಡಿಸ್ಕಿಗೆ ಬೂಸ್ಟು ಹಿಡಿದಿದ್ದರೆ ಗಾಬರಿ ಬೇಡ. ಸ್ವಲ್ಪ ಸೋಪಿನ ನೀರು, ಮೆತ್ತಗಿನ ಹತ್ತಿ ಬಟ್ಟೆ. ಮಧ್ಯದಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತಲೂ ಉಜ್ಜಬೇಡಿ. ನೆರಳಲ್ಲೇ ಒಣಗಿಸಿ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದುವುದುಂಟು. ವಿಸಿಡಿಯಲ್ಲಿ ಚಿತ್ರ ಇರುವ ಮೇಲ್ಭಾಗಕ್ಕೆ ಗೀರು ಬಿದ್ದರೆ ಮಾತ್ರ ಕಷ್ಟ, ಯಾಕೆಂದರೆ ಮಾಹಿತಿಯ ಪದರ ಅಲ್ಲೇ, ತೆಳು ವಾರ್ನಿಶ್ ಕೆಳಗೆ ಇರುವುದು. ಡಿವಿಡಿಯಲ್ಲಿ ಅದು ಎರಡು ಪ್ಲಾಸ್ಟಿಕ್ ತಟ್ಟೆಗಳ ನಡುವೆ ಇರುತ್ತದೆ.

ಹಾರ್ಡ್ ಡಿಸ್ಕ್ ಕೂಡ ಕೆಡುತ್ತದೆ, ಅದನ್ನೂ ಹೇಳಿಬಿಡುತ್ತೇನೆ. ಒಂದು ಪ್ರತಿ ಮನೆಯಲ್ಲಿ, ಇನ್ನೊಂದು ಬೆಂಗಳೂರಿನಲ್ಲೋ ಮುಂಬೈಯಲ್ಲೋ ಇರುವ ಮಕ್ಕಳ ಹತ್ತಿರ ಇರಲಿ. ಮೂಲ ಡಿಸ್ಕನ್ನೂ ಎಸೆಯಬೇಡಿ, ಅದೇ ಮೂರನೆಯ ಪ್ರತಿ. ಪೆನ್‌ಡ್ರೈವ್ ಸಾಗಿಸಲು ಸರಿ, ವರ್ಷಗಟ್ಟಲೆ ಇಡಲು ಅಲ್ಲ. ಯೂಟ್ಯೂಬಿಗೆ ಹಾಕಿದರೆ ಆಯ್ತಲ್ಲ ಅನ್ನುವವರಿದ್ದಾರೆ. ಮದುವೆಯದ್ದನ್ನು ಖಾಸಗಿಯಾಗಿ ಹಾಕಿ, ಬೇಡ ಅನ್ನುವುದಿಲ್ಲ. ನೇಮದ ರೆಕಾರ್ಡಿಂಗ್ ಆದರೆ ಮನೆತನದವರನ್ನು, ಸ್ಥಳದವರನ್ನು ಕೇಳದೆ ಹಾಕಬೇಡಿ. ಸಿನಿಮಾ ಡಿಸ್ಕಿನ ಲಾಕ್ ಮುರಿದು ಹಂಚುವುದು ಬೇರೆಯೇ ಸಂಗತಿ. ಅದಕ್ಕೆಂದೇ 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ 65ಎ ಕಲಂ ಸೇರಿದೆ.

ಹಾಗಾದರೆ ಯಾರು ಏನು ಮಾಡಬೇಕು?

ಬಾಡಿಗೆ ಮನೆ, ಸಣ್ಣ ಟಿವಿ, ನೋಡಿದರೆ ಸಾಕು ಅನ್ನುವ ಹುಡುಗರಿಗೆ ಒಟಿಟಿ ಒಂದೇ ಸಾಕು. ಅದೂ ಸರದಿ ಪ್ರಕಾರ.

ಮನೆಯಲ್ಲಿ ಹಿರಿಯರಿದ್ದು ಯಕ್ಷಗಾನ, ಹಳೇ ಚಿತ್ರಗಳ ಡಿಸ್ಕ್ ಇದ್ದರೆ ಎಚ್‌ಡಿಎಂಐ (ಹೊಸ ಟಿವಿಗೆ ಜೋಡಿಸುವ ತಂತಿಯ ತೂತು) ಇರುವ ಡಿವಿಡಿ ಪ್ಲೇಯರ್ ತಗೊಳ್ಳಿ. ಎರಡು ಮೂರು ಸಾವಿರದ ಖರ್ಚು, ತಿಂಗಳ ಕಂತಿಲ್ಲ, ಇಂಟರ್ನೆಟ್ ಬೇಡ. ಒಟ್ಟು ಹತ್ತು ಸಾವಿರ ಖರ್ಚು ಮಾಡಬಲ್ಲವರು ಮೊದಲು ಡಿವಿಡಿ ಡ್ರೈವ್ ಮತ್ತು ಒಂದು ಹಾರ್ಡ್ ಡಿಸ್ಕ್ ಕೊಳ್ಳಲಿ, ಉಳಿದದ್ದರಲ್ಲಿ ಒಟಿಟಿ. ಮನೆಯ ರೆಕಾರ್ಡಿಂಗ್ ಇದ್ದವರಿಗೆ ಈ ಕೆಲಸ ಮೇ ತಿಂಗಳೊಳಗೆ ಮುಗಿದರೆ ಒಳ್ಳೆಯದು. 55 ಇಂಚಿಗಿಂತ ದೊಡ್ಡ ಟಿವಿ, ಬೇರೆ ಸ್ಪೀಕರ್, ಕತ್ತಲೆ ಕೋಣೆ ಮೂರೂ ಇದ್ದರೆ 4ಕೆ ಡಿಸ್ಕಿನ ಬಗ್ಗೆ ಯೋಚಿಸಿ. ಮೂರರಲ್ಲಿ ಒಂದು ಇಲ್ಲದಿದ್ದರೂ ಆ ದುಡ್ಡು ಸುಮ್ನೆ.

ಸೆಕೆಂಡ್ ಹ್ಯಾಂಡ್ ಪ್ಲೇಯರ್ ಕೊಳ್ಳುವವರು ಅಂಗಡಿಯಲ್ಲೇ ಮೂರು ಡಿಸ್ಕ್ ಹಾಕಿ ನೋಡಿ: ಒಂದು ವಿಸಿಡಿ, ಒಂದು ಅಚ್ಚಿನ ಡಿವಿಡಿ, ಒಂದು ಸ್ಟುಡಿಯೋದವರು ಬರೆದು ಕೊಟ್ಟದ್ದು. ಲೆನ್ಸ್ ಸವೆದ ಪ್ಲೇಯರ್ ಮೊದಲು ತಕರಾರು ಮಾಡುವುದು ಆ ಮೂರನೆಯದಕ್ಕೆ. ಕೆಂಪು, ಹಳದಿ, ಬಿಳಿ ತಂತಿ ಮಾತ್ರ ಇರುವ ಪ್ಲೇಯರಾದರೆ ನಿಮ್ಮ ಟಿವಿಯ ಹಿಂದೆ ಅದಕ್ಕೆ ತೂತು ಉಂಟಾ ಅಂತ ಮೊದಲೇ ನೋಡಿಕೊಂಡು ಹೋಗಿ. ರಿಮೋಟ್ ಇಲ್ಲದ್ದನ್ನು ಎಷ್ಟು ಕಮ್ಮಿಗೆ ಕೊಟ್ಟರೂ ತರಬೇಡಿ. ಹೆಚ್ಚಿನ ಪ್ಲೇಯರುಗಳಲ್ಲಿ ಡಿವಿಡಿಯ ಮೆನು ದಾಟುವ ಬಟನ್ ರಿಮೋಟಿನಲ್ಲಿ ಮಾತ್ರ ಇರುತ್ತದೆ.